ಹಳೆಯ ಜೀಪಿಗೆ ಹೊಸ ಎಂಜಿನ್ನು

(ದ್ವಿತೀಯ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯ ಹೊರಟವನು ಕಾವ್ಯವನ್ನೋ ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಕುರಿತು ಬರೆಯಬೇಕೆಂಬುದು ರೂಢಿ. ಅಂಥಲ್ಲಿ ಎಂಜಿನ್ನು, ಗೇರುಪೆಟ್ಟಿಗೆ, ಬ್ರೇಕುಗಳ ಮಾತೆತ್ತಿದರೆ ‘ಇವನಿಗೇಕೆ ಈ ಗ್ರೀಸಿನ ಗೊಡವೆ?’ ಎಂದು ಮಿತ್ರರು ನಕ್ಕಾರು; ಅಧ್ಯಾಪಕರು ಹುಬ್ಬೇರಿಸಿಯಾರು. ಆದರೆ ಯಂತ್ರವೆಂಬುದು ಎಂಜಿನಿಯರುಗಳ ಸ್ವತ್ತು ಮಾತ್ರವಲ್ಲ. ಅದನ್ನು ಮಾಡಿದವರು ಎಂಜಿನಿಯರುಗಳಾದರೂ ಅದರ ಮೇಲೆ ಕುಳಿತು ಹೋಗುವವರು ನಾವು ನೀವು. ಹಳೆಯ ಜೀಪಿಗೆ ಹೊಸ ಡೀಸೆಲ್ ಎಂಜಿನ್ನನ್ನು ಹಾಕಿಸುವ ಹವ್ಯಾಸ ನಮ್ಮ ಮಲೆನಾಡಿನಲ್ಲಿ ಬಲವಾಗಿ ಬೇರೂರಿದೆ. ಅದು ಸರಿಯೇ, ತಪ್ಪೇ, ಸರಿಯಾದರೆ ಯಾವಾಗ ಸರಿ ಎಂಬ ಪ್ರಶ್ನೆ ಮೇಲುನೋಟಕ್ಕೆ ಮೇಸ್ತ್ರಿಯದೆನಿಸಿದರೂ ಮೂಲದಲ್ಲಿ ನ್ಯಾಯದ ಪ್ರಶ್ನೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಮನೆಯಂಗಳದಲ್ಲೇ, ತಡವಾಗಿ, ಕಲಿತೆ.

ಮಲೆನಾಡಿನವರಿಗೆ ಜೀಪೆಂದರೆ ಏನೆಂಬುದನ್ನು ಬಯಲುಸೀಮೆಯ ಮಿತ್ರರಿಗೆ ಒಂದೆರಡು ಮಾತಿನಲ್ಲಿ ಹೇಳಬೇಕು. ಕೊಡಚಾದ್ರಿಯ ನೆತ್ತಿಗೆ ಯಾತ್ರಿಕರನ್ನು ಹೊತ್ತೊಯ್ಯುವುದು ಜೀಪು. ಮಡಿಕೇರಿಯ ಆಚೆ ಮಾಂದಲ್‌ಪಟ್ಟಿಯ ಕಲ್ಲುಹಾದಿಯಲ್ಲಿ ಏದುಸಿರು ಬಿಡುತ್ತ ಏರುವುದು ಜೀಪು. ಇವು ಪ್ರವಾಸಿಗರು ಕಂಡ ಜೀಪುಗಳು. ಅವರು ಕಾಣದ ಜೀಪು ಬೇರೊಂದಿದೆ. ಆಷಾಢದ ಮಳೆಯಲ್ಲಿ ಬಸುರಿಯನ್ನು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸುವುದು, ಗೊಬ್ಬರದ ಚೀಲವನ್ನು ತೋಟದ ತಲೆಗೆ ಏರಿಸುವುದು, ಕಾಫಿ ಕೊಯ್ಲಿನ ದಿನಗಳಲ್ಲಿ ಹಣ್ಣಿನ ಚೀಲಗಳನ್ನೂ ಅವುಗಳ ಮೇಲೆ ಕುಳಿತ ಕೂಲಿಯವರನ್ನೂ ಸಂಜೆಗೆ ಕಣಕ್ಕೆ ಇಳಿಸುವುದು, ಹೆಣ ಬಿದ್ದ ಮನೆಗೆ ನೆಂಟರನ್ನು ತಲುಪಿಸುವುದು, ಎಲ್ಲಕ್ಕೂ ಅದೇ. ಎತ್ತು ಮುದಿಯಾದರೆ ಹೊಸ ಎತ್ತು ತರುತ್ತೇವೆ. ಜೀಪು ಮುದಿಯಾದರೆ ಹಾಗೆ ಮಾಡಲು ಮನಸ್ಸೂ ಬರುವುದಿಲ್ಲ, ಹಣವೂ ಇರುವುದಿಲ್ಲ. ಆಗ ಹುಟ್ಟುವುದೇ ಈ ಆಲೋಚನೆ: ದೇಹ ಹಾಗೇ ಇರಲಿ, ಎಂಜಿನ್ನನ್ನಷ್ಟೇ ಬದಲಿಸೋಣ.

ಈ ಗಾಡಿಯ ವಂಶವೃಕ್ಷ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವ ಪುಟ್ಟ ಗಾಡಿಯೊಂದು ಬೇಕಾಯಿತು. 1940ರ ಸೆಪ್ಟೆಂಬರಿನಲ್ಲಿ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಒಪ್ಪಿಸಿತು. ಆದರೆ ಯುದ್ಧಕಾಲದ ದೊಡ್ಡ ಗುತ್ತಿಗೆಗಳು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. ವಿಲ್ಲಿಸ್ ಗೆದ್ದುದಕ್ಕೆ ಮುಖ್ಯ ಕಾರಣ ಅದರ ಎಂಜಿನ್ನು: 2.2 ಲೀಟರಿನ, ನಾಲ್ಕು ಸಿಲಿಂಡರಿನ, 60 ಅಶ್ವಶಕ್ತಿಯ ಪೆಟ್ರೋಲು ಎಂಜಿನ್ನು. ಯುದ್ಧ ಮುಗಿದ ಮೇಲೆ ಅದೇ ಎಂಜಿನ್ನಿಗೆ ಒಳಬರುವ ಗಾಳಿಯ ಕವಾಟಗಳನ್ನು ಮೇಲ್ಭಾಗದಲ್ಲಿ ಜೋಡಿಸಿ ಸುಮಾರು 75 ಅಶ್ವಶಕ್ತಿಯವರೆಗೆ ಬೆಳೆಸಿದರು. ಹರಿಕೇನ್ ಎಂದು ಹೆಸರಿಟ್ಟರು. ಎಂಜಿನ್ನು ಎತ್ತರವಾದ್ದರಿಂದ 1953ರಲ್ಲಿ ಬಂದ ಜೀಪಿನ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಆ ಎತ್ತರದ ಬಾನೆಟ್ಟಿನ ಜೀಪೇ ನಮ್ಮ ದೇಶದಲ್ಲಿ ಮನೆಮಾತಾದುದು. 1945ರಲ್ಲಿ ಮಹೀಂದ್ರ ಮತ್ತು ಮಹಮ್ಮದ್ ಎಂಬ ಹೆಸರಿನಿಂದ ಆರಂಭವಾಗಿ 1948ರಲ್ಲಿ ಮಹೀಂದ್ರ ಮತ್ತು ಮಹೀಂದ್ರ ಆದ ಕಂಪನಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಅಮೆರಿಕದಲ್ಲಿ ಈ ಮಾದರಿ 1968ಕ್ಕೆ ನಿಂತುಹೋದರೂ ಅದರ ಸಂತತಿ ಇಲ್ಲಿ ದಶಕಗಳ ಕಾಲ ಬೆಳೆಯಿತು. ತಹಶೀಲ್ದಾರರ ಜೀಪು, ಬಿ.ಡಿ.ಓ. ಜೀಪು, ಪೊಲೀಸು ಜೀಪು, ಚುನಾವಣೆಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಕೂಗಿದ ಜೀಪು, ಎಲ್ಲವೂ ಈ ಕುಲದವೇ.

ಈ ಕುಲಕ್ಕೆ ಡೀಸೆಲ್ ಹೊಂದುವುದು ಏಕೆ? ಪೆಟ್ರೋಲು ಎಂಜಿನ್ನು ಗಾಳಿ ಮತ್ತು ಇಂಧನದ ಮಿಶ್ರಣವನ್ನು ಕಿಡಿಯಿಂದ ಹೊತ್ತಿಸುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಸಿದ್ಧಿಸಿಕೊಂಡ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಬಲವಾಗಿ ಅಮುಕಿದಾಗ ಹುಟ್ಟುವ ಶಾಖವೇ ಎಣ್ಣೆಯನ್ನು ಹೊತ್ತಿಸುತ್ತದೆ. ಹಳೆಯ ಹರಿಕೇನ್ ಗಾಳಿಯನ್ನು ಸುಮಾರು 7 ಪಟ್ಟು ಅಮುಕಿದರೆ ಡೀಸೆಲ್ ಎಂಜಿನ್ನುಗಳು 16ರಿಂದ 22 ಪಟ್ಟು ಅಮುಕುತ್ತವೆ. ಆದ್ದರಿಂದ ಅದೇ ಕೆಲಸಕ್ಕೆ ಕಡಿಮೆ ಎಣ್ಣೆ ಸಾಕು. ಮಳೆಯಲ್ಲಿ ನೆನೆದು ಕೈಕೊಡುವ ಪ್ಲಗ್ಗು, ಕಾಯಿಲು, ಡಿಸ್ಟ್ರಿಬ್ಯೂಟರುಗಳ ಕಾಟವಿಲ್ಲ. ನಿಧಾನವಾಗಿ ತಿರುಗುವಾಗಲೂ ಎಳೆಯುವ ಬಲವಿರುವುದರಿಂದ ಕೆಸರಿನಲ್ಲಿ, ಏರಿನಲ್ಲಿ ಗಾಡಿ ಉಸಿರುಕಟ್ಟುವುದಿಲ್ಲ. ಇವೆಲ್ಲದರ ಮೇಲೆ ಬೆಲೆ. 1973ರ ತೈಲ ಬಿಕ್ಕಟ್ಟಿನ ತರುವಾಯ ಪೆಟ್ರೋಲು ಜೀಪು ಸಾಕುವುದೆಂದರೆ ಆನೆ ಸಾಕಿದಂತೆ ಎಂಬ ಮಾತು ಹುಟ್ಟಿತು. ಸರ್ಕಾರ ಡೀಸೆಲ್ಲಿನ ಬೆಲೆಯನ್ನು ಕೆಳಗೆ ಹಿಡಿದಿಟ್ಟಿದ್ದಷ್ಟು ಕಾಲವೂ ಈ ಲೆಕ್ಕ ಸರಿಯಾಗಿಯೇ ಇತ್ತು. ಸ್ವತಃ ತಯಾರಕರೇ ಮೊದಲು ಟ್ರಾಕ್ಟರು ಕುಲದ ಡೀಸೆಲ್ ಎಂಜಿನ್ನನ್ನೂ, 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಮೂಲದ 2112 ಸಿ.ಸಿ. ಎಂಜಿನ್ನನ್ನೂ ಜೀಪಿನಲ್ಲಿ ಕೂರಿಸಿದರು. ಇಂಗ್ಲೆಂಡಿನ ಲ್ಯಾಂಡ್‌ರೋವರಿನ ಕಥೆಯೂ ಇದೇ: 1948ರಲ್ಲಿ ಪೆಟ್ರೋಲಿನೊಂದಿಗೆ ಹುಟ್ಟಿ 1957ರಲ್ಲಿ ಡೀಸೆಲ್ ಪಡೆಯಿತು, 1989ರಲ್ಲಿ ಬಂದ ಹೊಸ ಟರ್ಬೋ ಡೀಸೆಲ್ ಎಂಜಿನ್ನನ್ನು ಅಲ್ಲಿಯ ಜನ ತಮ್ಮ ಮುದಿ ಲ್ಯಾಂಡ್‌ರೋವರುಗಳಿಗೆ ಇಂದಿಗೂ ಪ್ರೀತಿಯಿಂದ ಜೋಡಿಸುತ್ತಾರೆ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಥೆಗೆ ಬರುತ್ತೇನೆ.

ನಮ್ಮದು ಮೂಡಿಗೆರೆ ಸೀಮೆಯ ಒಂದು ಸಣ್ಣ ಕಾಫಿ ತೋಟ. ಅಜ್ಜ 1978ರಲ್ಲಿ ಕೊಂಡುತಂದ ಪೆಟ್ರೋಲು ಜೀಪು ಅದರ ಹಿಂದಿನ ಧಣಿಯ ಬಳಿ ಹದಿಮೂರು ವರ್ಷ ದುಡಿದು ಬಂದದ್ದು. ಅಂದರೆ ಅದು 1965ರ ಗಾಡಿ. ಅಜ್ಜ ಅದನ್ನು ಎಂದೂ ಅವಸರದಲ್ಲಿ ಓಡಿಸಿದವರಲ್ಲ. ಇಳಿಜಾರಿಗೆ ಮುನ್ನ ನಿಲ್ಲಿಸಿ, ಗೇರು ಇಳಿಸಿ, ಹಿಂದೆ ಕುಳಿತವರಿಗೆ ‘ಗಟ್ಟಿ ಹಿಡ್ಕಳ್ರೋ’ ಎಂದು ಕೂಗಿದ ಮೇಲೆಯೇ ಕ್ಲಚ್ಚು ಬಿಡುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಜೀಪು ಚಿಕ್ಕಪ್ಪನ ಕೈಗೆ ಬಂತು. ಎಂಜಿನ್ನು ಹೊಗೆಯುಗುಳುತ್ತಿತ್ತು, ಬಿಡಿಭಾಗ ಹುಡುಕಲು ಮೂರು ಊರು ಅಲೆಯಬೇಕಿತ್ತು. 2021ರಲ್ಲಿ ಚಿಕ್ಕಪ್ಪ ಗುಜರಿಯಲ್ಲಿ ಒಂದು ಎಂಜಿನ್ನು ನೋಡಿ ಬಂದರು. ಅಪಘಾತದಲ್ಲಿ ಜಜ್ಜಿಹೋದ ಹೊಸ ಕಾಲದ ಗಾಡಿಯದು. ಕಾಮನ್ ರೈಲ್ ಡೀಸೆಲ್. ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಅಜ್ಜನಿಗೆ ಮನಸ್ಸಿರಲಿಲ್ಲ. ‘ಪಾಪ, ಅದರ ಪಾಡಿಗೆ ಅದು ಇರ್ಲಿ ಬಿಡ. ರಿಪೇರಿ ಮಾಡ್ಸು, ಸಾಕು’ ಎಂದರು. ಆಗ ಚಿಕ್ಕಪ್ಪನ ಪರವಾಗಿ ವಾದಿಸಿದವನು ನಾನೇ. ಮೊಬೈಲಿನಲ್ಲಿ ಅಂಥ ಜೀಪುಗಳು ಬಂಡೆ ಹತ್ತುವ ಚಿತ್ರಗಳನ್ನು ಅಜ್ಜನಿಗೆ ತೋರಿಸಿ, ಅಶ್ವಶಕ್ತಿಯ ಅಂಕಿಗಳನ್ನು ಬಾಯಿಪಾಠ ಒಪ್ಪಿಸಿ, ಅವರನ್ನು ಸುಮ್ಮನಾಗಿಸಿದೆ. ಅವರು ಒಪ್ಪಲಿಲ್ಲ, ಸುಮ್ಮನಾದರು ಅಷ್ಟೆ. ಈ ಎರಡಕ್ಕೂ ಇರುವ ವ್ಯತ್ಯಾಸ ಅಂದು ನನಗೆ ತಿಳಿಯಲಿಲ್ಲ.

ತಾಲ್ಲೂಕು ಪೇಟೆಯ ಮೇಸ್ತ್ರಿ ಜಾಣರು. ಹೊಸ ಎಂಜಿನ್ನಿಗೂ ಹಳೆಯ ಗೇರುಪೆಟ್ಟಿಗೆಗೂ ಬೋಲ್ಟಿನ ರಂಧ್ರಗಳು ಕೂಡುವುದಿಲ್ಲವಾಗಿ ಲೇಥಿನಲ್ಲಿ ಕಡೆಸಿದ ದಪ್ಪ ತಟ್ಟೆಯೊಂದನ್ನು ನಡುವೆ ಇಟ್ಟರು. ಎಣ್ಣೆತೊಟ್ಟಿ ತಗಲುತ್ತದೆಂದು ಚಾಸಿಸ್ಸಿನ ಅಡ್ಡಪಟ್ಟಿಯೊಂದನ್ನು ಕತ್ತರಿಸಿ ಬೇರೆ ಕಡೆ ಬೆಸುಗೆ ಹಾಕಿದರು. ಎಂಜಿನ್ನಿಗೂ ಕುಳಿತವರಿಗೂ ನಡುವಿನ ತಗಡಿನ ಗೋಡೆಯನ್ನು ಬಡಿದು ಒಳಕ್ಕೆ ಸರಿಸಿದರು. ಡ್ರೈವರನ ಆಸನದಡಿಯ ಟ್ಯಾಂಕಿಗೆ ಮಿಕ್ಕ ಎಣ್ಣೆ ಹಿಂತಿರುಗಲು ಇನ್ನೊಂದು ಕೊಳವೆ ಕೊಟ್ಟರು. ದೊಡ್ಡ ರೇಡಿಯೇಟರು ಬಂತು. ಮುಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟು ಹೆಚ್ಚಿತು. ಎರಡೂವರೆ ತಿಂಗಳ ಮೇಲೆ ಜೀಪು ಮನೆಗೆ ಬಂದಾಗ ಕೀಲಿ ತಿರುಗಿಸಿದೊಡನೆ ಹೊತ್ತಿಕೊಂಡಿತು. ಹಿಂದೆ ಎರಡನೇ ಗೇರಿನಲ್ಲಿ ನರಳುತ್ತ ಏರುತ್ತಿದ್ದ ದಿಣ್ಣೆಯನ್ನು ಮೂರನೇ ಗೇರಿನಲ್ಲೇ ಏರಿತು. ನಾವು ಹಿಗ್ಗಿದೆವು.

ಏನನ್ನು ಬದಲಿಸಿದೆವೆಂಬುದು ನಮಗೆ ನೆನಪಿತ್ತು. ಏನನ್ನು ಬದಲಿಸಲಿಲ್ಲವೆಂಬುದನ್ನು ಯಾರೂ ಎಣಿಸಿರಲಿಲ್ಲ. ಇಲ್ಲಿಯೇ ಈ ವಿಷಯದ ತಿರುಳಿರುವುದು. ಗಾಡಿಯೆಂದರೆ ಒಂದು ಕುಟುಂಬ; ಒಬ್ಬನ ಬಲ ಹೆಚ್ಚಿದರೆ ಉಳಿದವರೆಲ್ಲ ಅದನ್ನು ತಾಳಿಕೊಳ್ಳಬೇಕು. ಉದಾಹರಣೆಗೆ ಬಲದ ಲೆಕ್ಕವನ್ನೇ ನೋಡೋಣ. ಹರಿಕೇನ್ ಎಂಜಿನ್ನಿನ ತಿರುಚುಬಲ ಹೆಚ್ಚೆಂದರೆ ಸುಮಾರು 155 ನ್ಯೂಟನ್ ಮೀಟರು. 2010ರಲ್ಲಿ ಬಂದ ಥಾರ್ ಜೀಪಿನ 2.5 ಲೀಟರಿನ ಕಾಮನ್ ರೈಲ್ ಎಂಜಿನ್ನಿನದು 247. ಹಳೆಯ ಜೀಪಿನಲ್ಲಿ ಮೊದಲ ಗೇರು 2.8, ಕೆಳಗಿನ ಶ್ರೇಣಿ 2.46, ಕ್ರೌನು ಪಿನಿಯನ್ನು 5.38, ಇವು ಮೂರನ್ನೂ ಗುಣಿಸಿದರೆ ಎಂಜಿನ್ನಿನ ತಿರುಚುಬಲ ಆಕ್ಸಲನ್ನು ಮುಟ್ಟುವಾಗ ಸುಮಾರು 37 ಪಟ್ಟು ಆಗುತ್ತದೆ. ಆಕ್ಸಲು, ಜಾಯಿಂಟುಗಳನ್ನು ಗೀಚಿದವರು ಮೊದಲಿನ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗೀಚಿದರೇ ಹೊರತು ಎರಡನೆಯದನ್ನಲ್ಲ.

ಇನ್ನು ವೇಗ. ಅದೇ 5.38ರ ಕ್ರೌನಿನಿಂದಾಗಿ ಜೀಪು ಗಂಟೆಗೆ 60 ಕಿಲೋಮೀಟರು ಓಡುವಾಗ ಎಂಜಿನ್ನು ನಿಮಿಷಕ್ಕೆ ಸುಮಾರು 2400 ಸುತ್ತು ತಿರುಗುತ್ತದೆ. ಹಳೆಯ ಎಂಜಿನ್ನು ಅಷ್ಟಕ್ಕೇ ಗದ್ದಲ ಮಾಡಿ, ‘ಸಾಕಪ್ಪಾ’ ಎನ್ನುತ್ತಿತ್ತು. ಆ ಗದ್ದಲವೇ ನಮ್ಮ ಕಾವಲು. ಹೊಸ ಎಂಜಿನ್ನಿಗೆ ಅದು ಆಟ. ಬ್ರೇಕುಗಳಾದರೋ 9 ಅಂಗುಲದ ಡ್ರಮ್ಮುಗಳು. ಸುಮಾರು ಒಂದು ಟನ್ನಿನ, ನಿಧಾನವಾಗಿ ಹೋಗುವ ಗಾಡಿಗೆಂದು ಮಾಡಿದವು. ಭೌತಶಾಸ್ತ್ರದ ಅಧ್ಯಾಪಕರು ಹೇಳುವಂತೆ ಚಲನೆಯ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 40 ಕಿಲೋಮೀಟರಿನಿಂದ 60ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಇಳಿಜಾರಿನಲ್ಲಿ ಮತ್ತೆ ಮತ್ತೆ ತುಳಿದರೆ ಡ್ರಮ್ಮು ಕಾಯುತ್ತದೆ. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಲೈನಿಂಗಿನ ಹಿಡಿತ ಸಡಿಲುತ್ತದೆ. ಪೆಡಲು ಕಾಲಿಗೆ ಸಿಗುತ್ತದೆ, ಗಾಡಿ ಮಾತ್ರ ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಪೆಟ್ರೋಲು ಎಂಜಿನ್ನು ಕಾಲು ತೆಗೆದಾಗ ಗಾಳಿಯ ದಾರಿಯನ್ನು ಮುಚ್ಚಿಕೊಂಡು ಒಳಗೆ ನಿರ್ವಾತವನ್ನು ಹುಟ್ಟಿಸುತ್ತದೆ. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಗಾಜೊರೆಸುವ ವೈಪರು ಕೂಡ ಆ ನಿರ್ವಾತದಿಂದಲೇ ಆಡುತ್ತಿತ್ತು. ಡೀಸೆಲ್ಲಿನಲ್ಲಿ ಸಾಮಾನ್ಯವಾಗಿ ಅಂಥ ಮುಚ್ಚಳವಿಲ್ಲ. ಆದ್ದರಿಂದ ಆ ನಿರ್ವಾತವೂ ಇಲ್ಲ. ವೈಪರಿಗೆ ವಿದ್ಯುತ್ತಿನ ಮೋಟಾರು, ಬ್ರೇಕಿಗೆ ಬೂಸ್ಟರು ಬೇಕೆಂದರೆ ಬೇರೆ ನಿರ್ವಾತ ಪಂಪು, ಇವನ್ನೆಲ್ಲ ಪ್ರತ್ಯೇಕವಾಗಿ ಒದಗಿಸಬೇಕು. ನಮ್ಮ ಮೇಸ್ತ್ರಿ ಬ್ರೇಕಿನ ಮಾತೆತ್ತಿದ್ದರೆಂದೂ, ‘ಮುಂದಿನ ಕೊಯ್ಲಿನ ದುಡ್ಡು ಬರಲಿ’ ಎಂದು ಚಿಕ್ಕಪ್ಪ ಮುಂದೂಡಿದ್ದರೆಂದೂ ಆಮೇಲೆ ತಿಳಿಯಿತು. ತಪ್ಪನ್ನು ಮೇಸ್ತ್ರಿಯ ತಲೆಗೆ ಕಟ್ಟಲಾರೆ.

2023ರ ಜನವರಿಯ ಒಂದು ಸಂಜೆ. ಮೇಲಿನ ತೋಟದಲ್ಲಿ ಕೊಯ್ಲು ಮುಗಿದು ಒಂಬತ್ತು ಚೀಲ ಹಣ್ಣು, ಆರು ಜನ ಕೂಲಿಯವರು ಹಿಂದೆ. ಚಿಕ್ಕಪ್ಪ ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು. ಏರುವಾಗ ಮೂರನೇ ಗೇರಿನಲ್ಲಿ ಏರಿದ ಅಭ್ಯಾಸ ಇಳಿಯುವಾಗಲೂ ಬಂದುಬಿಟ್ಟಿತ್ತು. ಮೂರನೆಯ ತಿರುವಿನಲ್ಲಿ ಚಿಕ್ಕಪ್ಪ ಬ್ರೇಕನ್ನು ಎರಡು ಸಲ ಪಂಪು ಹೊಡೆದರು. ಜೀಪು ಎಡಕ್ಕೆ ಎಳೆದು, ಚರಂಡಿಗಿಳಿದು, ಮಣ್ಣಿನ ಬರೆಗೆ ಒರಗಿ ನಿಂತಿತು. ಮುಂದೆ ಕುಳಿತ ನಮಗಿಬ್ಬರಿಗೂ ತರಚುಗಾಯ. ಹಿಂದೆ ಚೀಲದ ಮೇಲೆ ಕುಳಿತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಲೈನ್ ಮನೆಯ ಅಕ್ಕನೊಬ್ಬಳ ಬಲಗೈ ಜೀಪಿನ ಪಕ್ಕದ ಕಂಬಿಗೂ ಬರೆಗೂ ನಡುವೆ ಸಿಕ್ಕಿತು. ನಾನು ಮಗುವಾಗಿದ್ದಾಗ ನನ್ನನ್ನು ಎತ್ತಿ ಆಡಿಸಿದ ಕೈ ಅದು. ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಚಿಕ್ಕಪ್ಪ ತಲೆತಗ್ಗಿಸಿ ನಿಂತಿದ್ದಾಗ ಆಕೆ ಕೋಪದಿಂದಲ್ಲ, ಸುಮ್ಮನೆ ಇದ್ದುದನ್ನು ಇದ್ದಂತೆ ಹೇಳಿದಳು: ‘ಓಡೋಕೆ ಹೊಸದು ತಂದ್ರಿ ಸಣ್ಣಗೌಡ್ರೆ, ನಿಲ್ಲೋಕೆ ಹಳೇದನ್ನೇ ಬಿಟ್ರಿ.’ ನಾನು ಓದಿದ ಯಾವ ತರ್ಕವೂ ಈ ಎರಡು ಮಾತಿನಷ್ಟು ನೇರವಾಗಿರಲಿಲ್ಲ.

ಮುಂದಿನದು ಕಾಗದದ ಕಥೆ. ವಿಮಾ ಕಂಪನಿಯ ಅಧಿಕಾರಿ ಬಂದು ಆರ್.ಸಿ. ಪುಸ್ತಕ ನೋಡಿದರು. ಅದರಲ್ಲಿ ಇಂಧನ: ಪೆಟ್ರೋಲು. ಅಲ್ಲಿ ಬರೆದ ಎಂಜಿನ್ ನಂಬರು ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದಡಿ ಮಲಗಿತ್ತು. ಖಾಸಗಿ ಜೀಪಿನಲ್ಲಿ ಕೂಲಿಯವರನ್ನು ಕೂರಿಸಿಕೊಂಡದ್ದೂ ತಪ್ಪೇ. ಪರಿಹಾರ ಬರಲಿಲ್ಲ, ಬರಬೇಕೆಂದು ಕೇಳುವ ಮುಖವೂ ನಮಗಿರಲಿಲ್ಲ. ಆಕೆಯ ಚಿಕಿತ್ಸೆಯ ಖರ್ಚನ್ನು ಚಿಕ್ಕಪ್ಪನೇ ಭರಿಸಿದರು. ಆದರೆ ಹಿಡಿತ ಕಳೆದುಕೊಂಡ ಬಲಗೈಗೆ ಯಾರು ಏನು ಕೊಟ್ಟಾರು?

ಕಾನೂನು ಏನೆನ್ನುತ್ತದೆಂಬುದನ್ನು ಆಗ ನಾನು ಓದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿನ ಪ್ರಕಾರ ತಯಾರಕರು ಮೂಲತಃ ಗೊತ್ತುಮಾಡಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನೇ ಒತ್ತಿ ಹೇಳಿತು. ಬೇರೆ ಇಂಧನದಿಂದ ಓಡುವಂತೆ ಪರಿವರ್ತನೆಯ ಕಿಟ್ಟು ಜೋಡಿಸಲು ನಿಯಮಗಳ ಷರತ್ತಿಗೊಳಪಟ್ಟು ಅವಕಾಶವಿದೆ. ಅನುಮತಿಯಿಲ್ಲದೆ ಎಂಜಿನ್ನು ಬದಲಾದರೆ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ವರದಿ ಮಾಡಬೇಕು. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ನಾವು ಇದರಲ್ಲಿ ಒಂದನ್ನೂ ಓದಿರಲಿಲ್ಲ. ಮಲೆನಾಡಿನ ಇಂಥ ಜೀಪುಗಳ ಧಣಿಗಳಲ್ಲಿ ನನಗೆ ಗೊತ್ತಿರುವ ಯಾರೂ ಓದಿದವರಲ್ಲ.

ಹಾಗಾದರೆ ಹಳೆಯ ಜೀಪಿಗೆ ಹೊಸ ಎಂಜಿನ್ನು ಹಾಕಲೇಬಾರದೆ? ಹಾಗೆಂದು ನಾನು ಹೇಳುವುದಿಲ್ಲ. ಕೈ ಸುಟ್ಟುಕೊಂಡವನು ಒಲೆಯನ್ನೇ ಒಡೆಯಬಾರದು. ಈ ವಿಷಯದಲ್ಲಿ ಕೇಳಿಬರುವ ಮೂರು ಪಕ್ಷಗಳನ್ನು ಪರಿಶೀಲಿಸೋಣ.

ಮೊದಲನೆಯದು ಮೂಲರೂಪದ ಪಕ್ಷ. ‘ಹಳೆಯ ಗಾಡಿಯ ಒಂದು ಮೊಳೆಯನ್ನೂ ಮುಟ್ಟಬೇಡಿ, ಎಂಜಿನ್ನೇ ಅದರ ಆತ್ಮ’ ಎಂದು ಇವರ ವಾದ. ಪ್ರೀತಿಯಿಂದ ಆಡಿದ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜೀಪು ಹುಟ್ಟಿನಿಂದಲೇ ಶುದ್ಧ ತಳಿಯಲ್ಲ. ಅದರ ಗೇರುಪೆಟ್ಟಿಗೆ ಒಂದು ಕಂಪನಿಯದು, ಆಕ್ಸಲು ಇನ್ನೊಂದರದು. ಎಂಜಿನ್ನು ಬೆಳೆದಾಗ ತಯಾರಕರೇ ಬಾನೆಟ್ಟನ್ನು ಎತ್ತಿದರು. ಕಾಲ ಬದಲಾದಾಗ ತಯಾರಕರೇ ಡೀಸೆಲ್ ಹಾಕಿದರು. ದುಡಿಯುವ ಗಾಡಿ ಬದಲಾಗುವುದು ಅದರ ಧರ್ಮ. ಆದರೆ ಅವರ ವಾದದಲ್ಲಿ ಸತ್ಯದ ಒಂದಂಶವಿದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ನಿಯಮದಂತೆ 50 ವರ್ಷ ದಾಟಿ, ಚಾಸಿಸ್ಸು, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ವಾಹನ ‘ವಿಂಟೇಜ್’ ಎಂಬ ಮನ್ನಣೆಗೆ ಅರ್ಹ. ಅಂಥ ಗಾಡಿ ಮನೆಯಲ್ಲಿದ್ದು, ಅದನ್ನು ದುಡಿಸಲೇಬೇಕಾದ ಅಗತ್ಯವೂ ಇಲ್ಲದಿದ್ದರೆ ಅದನ್ನು ಕತ್ತರಿಸುವುದು ಹಳೆಯ ಓಲೆಗರಿಯ ಕಟ್ಟನ್ನು ಒಲೆಗೆ ಹಾಕಿದಂತೆ.

ಎರಡನೆಯದು ‘ನನ್ನ ಜೀಪು, ನನ್ನ ದುಡ್ಡು’ ಎಂಬ ಪಕ್ಷ. ಒಬ್ಬನೇ ಕುಳಿತು ತನ್ನ ಗದ್ದೆಯೊಳಗೆ ಓಡಿಸುವುದಾದರೆ ಹಾಗೆನ್ನಬಹುದೇನೋ. ಆದರೆ ಮಲೆನಾಡಿನ ಜೀಪಿನಲ್ಲಿ ಒಬ್ಬನೇ ಕುಳಿತದ್ದನ್ನು ನಾನು ಕಂಡಿಲ್ಲ. ಹಿಂದೆ ಕುಳಿತವರಿಗೆ ಎಂಜಿನ್ನು ಯಾವುದೆಂದು ಗೊತ್ತಿಲ್ಲ, ಬ್ರೇಕು ಎಷ್ಟು ಹಳೆಯದೆಂದು ಗೊತ್ತಿಲ್ಲ, ‘ನಾನು ಹತ್ತುವುದಿಲ್ಲ’ ಎನ್ನುವ ಸ್ವಾತಂತ್ರ್ಯವೂ ಇಲ್ಲ. ಬದಲಾವಣೆಯ ಸುಖ ಮುಂದಿನ ಆಸನಕ್ಕೆ, ಅಪಾಯ ಹಿಂದಿನ ಆಸನಕ್ಕೆ ಎಂದಾದರೆ ಅದು ಅನ್ಯಾಯವಲ್ಲದೆ ಮತ್ತೇನು?

ಮೂರನೆಯದು ‘ಗುಜರಿಗೆ ಹಾಕಿ, ಹೊಸದು ಕೊಳ್ಳಿ’ ಎಂಬ ಪಕ್ಷ. ಲಕ್ಷಗಟ್ಟಲೆ ಬೆಲೆಯ ಹೊಸ ಗಾಡಿ ನಾಲ್ಕೈದು ಎಕರೆಯವನ ಕೈಗೆ ಎಟಕುವುದಿಲ್ಲ. ಗಟ್ಟಿಯಾದ ಕಬ್ಬಿಣವನ್ನು ಕರಗಿಸಿ ಮತ್ತೆ ಕಬ್ಬಿಣ ಮಾಡುವುದರಲ್ಲಿ ವಿವೇಕವೂ ಇಲ್ಲ. ತಾಲ್ಲೂಕು ತಾಲ್ಲೂಕಿನಲ್ಲಿ ಲೇಥಿನ ಮುಂದೆ ನಿಂತು ಬದುಕುವ ಮೇಸ್ತ್ರಿಗಳ ಕೈಚಳಕವೂ ನಾಡಿನ ವಿದ್ಯೆಗಳಲ್ಲಿ ಒಂದೆಂಬುದನ್ನು ನಾವು ಪದವಿಯ ಆಸೆಯವರು ಮರೆಯಬಾರದು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ದುಡಿಯುವ ಜೀಪಿಗೆ ಡೀಸೆಲ್ ಹಾಕುವುದು ತಪ್ಪಲ್ಲ. ಕ್ರಮ ತಪ್ಪಿ ಹಾಕುವುದು ತಪ್ಪು. ಕೈಯಲ್ಲಿರುವ ಮೊದಲ ರೂಪಾಯಿ ಬ್ರೇಕಿಗೆ ಹೋಗಬೇಕು, ಎರಡನೆಯದು ಸ್ಟೀರಿಂಗು, ಆಕ್ಸಲುಗಳಿಗೆ, ಉಳಿದರೆ ಎಂಜಿನ್ನಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಬ್ರೇಕು ಇದ್ದಷ್ಟು ಎಂಜಿನ್ನು ಎಂದು ತಿದ್ದಿ ಓದಿಕೊಳ್ಳಬೇಕು.

ಎಂಜಿನ್ನಿನ ಆಯ್ಕೆಯಲ್ಲಿಯೂ ವಿವೇಕ ಬೇಕು. ಜೀಪಿನ ಕುಲದಲ್ಲೇ ಹುಟ್ಟಿದ ಹಳೆಯ ಬಗೆಯ ಡೀಸೆಲ್ಲುಗಳಲ್ಲಿ ಎಣ್ಣೆ ಚಿಮ್ಮಿಸುವ ಪಂಪು ಬರಿಯ ಯಂತ್ರ. ಕೆಟ್ಟರೆ ಪೇಟೆಯಲ್ಲೇ ಬಿಚ್ಚಿ ಕಟ್ಟಬಹುದು. ಅವುಗಳ ಬಲವೂ ಜೀಪಿನ ಎಲುಬು ತಾಳುವಷ್ಟೇ ಇರುತ್ತದೆ. ಕಾಮನ್ ರೈಲ್ ಎಂಜಿನ್ನಿನಲ್ಲಾದರೋ ಎಣ್ಣೆಯ ಒತ್ತಡ ಸಾವಿರ ಬಾರುಗಳನ್ನು ಮೀರುತ್ತದೆ. ಎಷ್ಟು ಎಣ್ಣೆ, ಯಾವ ಕ್ಷಣದಲ್ಲಿ ಎಂಬುದನ್ನು ಒಂದು ಪುಟ್ಟ ಗಣಕ ತೀರ್ಮಾನಿಸುತ್ತದೆ. ಆಕ್ಸಿಲೇಟರಿನ ಪೆಡಲು ಕೂಡ ತಂತಿಯಲ್ಲಿ ಸುದ್ದಿ ಕಳಿಸುವ ಸಾಧನ. ತೆರೆದ ಜೀಪಿನಲ್ಲಿ, ಮಲೆನಾಡಿನ ಮಳೆಯಲ್ಲಿ, ಒಂದು ಸಂವೇದಕಕ್ಕೆ ನೀರು ಹೊಕ್ಕರೆ ಗಾಡಿ ಕಾಡಿನ ನಡುವೆ ಕೂತುಬಿಡುತ್ತದೆ. ‘ಹೊಸ ಎಂಜಿನ್ನು ಹೊಗೆ ಕಡಿಮೆ ಉಗುಳುತ್ತದಲ್ಲ’ ಎನ್ನುವವರುಂಟು. ಅದು ನಿಜವಾಗುವುದು ಹೊಗೆಯನ್ನು ಶುದ್ಧಿಮಾಡುವ ಅದರ ಅಂಗಗಳೆಲ್ಲ ಜೊತೆಗಿದ್ದಾಗ. ಗುಜರಿಯಿಂದ ತಂದು ಕೂರಿಸುವಾಗ ಜಾಗವಿಲ್ಲವೆಂದು ಮೊದಲು ಕಿತ್ತೆಸೆಯುವುದು ಅವನ್ನೇ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರು ತರುವಂಥದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಬೆಲೆಯ ಲೆಕ್ಕವೂ ಮೊದಲಿನದಲ್ಲ. 2010ರ ಜೂನಿನಲ್ಲಿ ಪೆಟ್ರೋಲನ್ನೂ 2014ರ ಅಕ್ಟೋಬರಿನಲ್ಲಿ ಡೀಸೆಲ್ಲನ್ನೂ ಸರ್ಕಾರದ ಬೆಲೆ ನಿಯಂತ್ರಣದಿಂದ ಬಿಡಿಸಿದ ಮೇಲೆ ಎರಡರ ನಡುವಿನ ಅಂತರ ಕುಗ್ಗಿದೆ. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರು ಓಡುವ ತೋಟದ ಜೀಪು ಎಂಜಿನ್ನಿನ ಖರ್ಚನ್ನು ಹಿಂದಿರುಗಿಸುವ ಹೊತ್ತಿಗೆ ಧಣಿಗೆ ಕೂದಲು ನೆರೆದಿರುತ್ತದೆ.

ಸರ್ಕಾರಕ್ಕೂ ಒಂದು ಮಾತು. ಬಾಗಿಲು ಮುಚ್ಚಿದರೆ ಜನ ಬೇಲಿ ಹಾರುತ್ತಾರೆ. ಇಂಗ್ಲೆಂಡಿನಲ್ಲಿ ಮಾರ್ಪಾಡಾದ ಹಳೆಯ ವಾಹನಕ್ಕೆ ಅಂಕ ಕೊಡುವ ಪದ್ಧತಿಯಿತ್ತು: ಮೂಲ ಚಾಸಿಸ್ಸಿಗೆ 5, ಸಸ್ಪೆನ್ಷನ್ನು, ಆಕ್ಸಲು, ಗೇರುಪೆಟ್ಟಿಗೆ, ಸ್ಟೀರಿಂಗುಗಳಿಗೆ ತಲಾ 2, ಎಂಜಿನ್ನಿಗೆ ಬರಿಯ 1. ಒಟ್ಟು 14ರಲ್ಲಿ 8 ಬಂದರೆ, ಚಾಸಿಸ್ಸು ಮಾರ್ಪಡದಿದ್ದರೆ, ಗಾಡಿ ತನ್ನ ಹಳೆಯ ನೋಂದಣಿಯನ್ನು ಉಳಿಸಿಕೊಳ್ಳುತ್ತಿತ್ತು. ಎಂಜಿನ್ನು ಬದಲಾದರೂ ಗಾಡಿ ಅದೇ, ಚಾಸಿಸ್ಸು ಕತ್ತರಿಸಿದರೆ ಮಾತ್ರ ಅದು ಬೇರೆ ಎಂಬ ತಿಳಿವಳಿಕೆ ಇದರ ಹಿಂದಿತ್ತು. ನಮ್ಮಲ್ಲಿಯೂ ಅಂಥದೊಂದು ಮಾರ್ಗವಿರಲಿ: ತಯಾರಕರೇ ಅದೇ ಮಾದರಿಗೆ ಹಾಕಿದ್ದ ಡೀಸೆಲ್ ಎಂಜಿನ್ನಾದರೆ ಒಪ್ಪಿಗೆ, ಒಪ್ಪಿಗೆಗೆ ಮುನ್ನ ಬ್ರೇಕಿನ ಕಟ್ಟುನಿಟ್ಟಾದ ಪರೀಕ್ಷೆ, ಪಾಲಿಟೆಕ್ನಿಕ್ಕಿನ ಕಾರ್ಯಾಗಾರದಲ್ಲೇ ಅದು ನಡೆಯಬಹುದು. ದಂಡಕ್ಕೆ ಹೆದರಿ ಆರ್.ಸಿ. ಪುಸ್ತಕವನ್ನು ಬಚ್ಚಿಡುವ ಜನ ಆಗ ಅದನ್ನು ಹಿಡಿದುಕೊಂಡು ತಾವೇ ಬಂದಾರು. ಹಾಗೆ ಬಂದ ಪ್ರತಿಯೊಂದು ಜೀಪಿನ ಹಿಂದೆ ಕುಳಿತವರೂ ಅಷ್ಟು ಸುರಕ್ಷಿತರಾಗುತ್ತಾರೆ.

ನಮ್ಮ ಜೀಪಿನ ಗತಿಯನ್ನು ಹೇಳಿ ಮುಗಿಸುತ್ತೇನೆ. ಹೊಸ ಎಂಜಿನ್ನನ್ನು ಇಳಿಸಿದ್ದಾಯಿತು. ಗೋಣಿಚೀಲದಡಿಯ ಹಳೆಯ ಹರಿಕೇನನ್ನು ಅದೇ ಮೇಸ್ತ್ರಿ ಬಿಚ್ಚಿ, ಬೋರು ಮಾಡಿಸಿ, ಮತ್ತೆ ಕೂರಿಸಿದ್ದಾರೆ. ಈ ಸಲ ನಾಲ್ಕು ಗಾಲಿಗೂ ಹೊಸ ಡ್ರಮ್ಮು, ಹೊಸ ಲೈನಿಂಗು ಮೊದಲು ಬಂದವು. ಕೂಲಿಯವರನ್ನು ಕರೆತರಲು ಪರವಾನಿಗಿಯುಳ್ಳ ಬಾಡಿಗೆ ವಾಹನ ಗೊತ್ತಾಗಿದೆ. ಆದರೂ ನಮ್ಮ ಜೀಪನ್ನು ಇನ್ನು ಯಾರೂ ವಿಂಟೇಜ್ ಎನ್ನಲಾರರು; ಚಾಸಿಸ್ಸಿನ ಆ ಅಡ್ಡಪಟ್ಟಿಯ ಮೇಲೆ ಗರಗಸದ ಗಾಯವಿದೆ. ಎಂಜಿನ್ನನ್ನು ಹಿಂದಕ್ಕೆ ತರಬಹುದು, ಕತ್ತರಿಸಿದ್ದನ್ನು ಕತ್ತರಿಸಲಿಲ್ಲವೆನ್ನುವಂತಿಲ್ಲ. ಅಜ್ಜ ಒಂದು ದಿನ ಕೊಟ್ಟಿಗೆಗೆ ಬಂದು, ಎಂಜಿನ್ನಿನ ಹಳೆಯ ಸದ್ದು ಕೇಳಿ, ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತರು. ಏನೂ ಹೇಳಲಿಲ್ಲ.

ಲೈನ್ ಮನೆಯ ಅಕ್ಕ ಈ ವರ್ಷ ಕೊಯ್ಲಿಗೆ ಹೋಗಲಿಲ್ಲ. ಕಣದಲ್ಲಿ ಕುಳಿತು ಎಡಗೈಯಲ್ಲಿ ಕಾಫಿಬೀಜ ಆರಿಸುತ್ತಾಳೆ. ಗೊಂಚಲಿನಿಂದ ಹಣ್ಣು ಬಿಡಿಸುವ ಹಿಡಿತ ಬಲಗೈಗೆ ಇನ್ನೂ ಬಂದಿಲ್ಲ. ಬರುವುದೂ ಅನುಮಾನವೆಂದು ವೈದ್ಯರು ಹೇಳಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಆಕೆ ‘ಓದು ಹೆಂಗೆ ನಡೀತೈತೆ ಮಗಾ?’ ಎಂದು ಕೇಳುತ್ತಾಳೆ. ಚೆನ್ನಾಗಿದೆ ಎನ್ನುತ್ತೇನೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹಲವರ ಮನೆಯಲ್ಲಿ ಹಳೆಯ ಜೀಪಿರಬಹುದು. ಅದಕ್ಕೆ ಹೊಸ ಎಂಜಿನ್ನು ತರುವ ಮಾತು ನಡೆದಿರಬಹುದು. ಮನೆಯಲ್ಲಿ ಓದಿದವನೆಂದು ನಿಮ್ಮ ಮಾತಿಗೆ ಬೆಲೆಯೂ ಇರಬಹುದು. ಆಗ ಅಶ್ವಶಕ್ತಿಯ ಅಂಕಿಯನ್ನು ಒಪ್ಪಿಸುವ ಮುನ್ನ ಎರಡು ಪ್ರಶ್ನೆ ಕೇಳಿರಿ: ಇದು ನಿಲ್ಲುವುದು ಹೇಗೆ? ಹಿಂದೆ ಕುಳಿತುಕೊಳ್ಳುವವರು ಯಾರು? ಇವೆರಡನ್ನು ನಾನು ಕೇಳಬೇಕಾದ ಹೊತ್ತಿನಲ್ಲಿ ಕೇಳಲಿಲ್ಲ.